ಅಧ್ಯಕ್ಷರ ಕುರ್ಚಿಯಲ್ಲಿ ಅಧ್ಯಕ್ಷರೇ ಕೂರಲಿ: ಗ್ರಾಮ ಪಂಚಾಯಿತಿಯ ಮಹಿಳಾ ಅಧ್ಯಕ್ಷರಿಗೆ, ಮನೆಯವರಿಗೆ, ಸಿಬ್ಬಂದಿಗೆ ಸಮಗ್ರ ಮಾರ್ಗದರ್ಶಿ

ಆಯ್ಕೆಯಾದ ದಿನ ಹಾರ ಬೀಳುವುದು ನಿಮ್ಮ ಕೊರಳಿಗೆ. ಮರುದಿನದಿಂದ ಫೋನ್ ಹೋಗುವುದು ನಿಮ್ಮ ಯಜಮಾನರಿಗೆ. "ಅಣ್ಣಾ, ಆ ಚರಂಡಿ ಬಿಲ್ ಏನಾಯ್ತು?" ಅಂತ ಕಂಟ್ರಾಕ್ಟರ್ ಅವರನ್ನೇ ಕೇಳುತ್ತಾನೆ. "ಸಾರ್, ಫೈಲ್ ಮನೆಗೇ ಕಳಿಸಲಾ?" ಅಂತ ಪಂಚಾಯಿತಿಯ ಸಿಬ್ಬಂದಿಯೂ ಅವರನ್ನೇ ಕೇಳುತ್ತಾರೆ. ಶಾಲೆಯ ಹೆಡ್‌ಮಾಸ್ಟರು ಆಗಸ್ಟ್ 15ರ ಆಮಂತ್ರಣ ಹಿಡಿದು ಬಂದವರು, ನೀವು ಒಳಗೇ ಇದ್ದರೂ, ಜಗಲಿಯಲ್ಲಿ ಕೂತ ಗಂಡನ ಕೈಗೆ ಕೊಟ್ಟು ಹೋಗುತ್ತಾರೆ. ಇವರಲ್ಲಿ ಯಾರಿಗೂ ನಿಮ್ಮನ್ನು ಅವಮಾನ ಮಾಡಬೇಕು ಅನ್ನುವ ಉದ್ದೇಶ ಇರುವುದಿಲ್ಲ. ಅದಕ್ಕೇ ಇದನ್ನು ತಡೆಯುವುದು ಕಷ್ಟ.

ಕರ್ನಾಟಕದಲ್ಲಿ ಪಂಚಾಯಿತಿಗೆ ಹೆಣ್ಣುಮಕ್ಕಳು ಬಂದಿದ್ದು ನಿನ್ನೆ ಮೊನ್ನೆ ಅಲ್ಲ. ಅಬ್ದುಲ್ ನಜೀರ್ ಸಾಬ್ ರಾಜ್ಯದ ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ ಬಂದ 1983ರ ಪಂಚಾಯಿತಿ ಕಾಯ್ದೆಯ ಪ್ರಕಾರ 1987ರಲ್ಲಿ ಚುನಾವಣೆ ಆಯಿತು. ಮಹಿಳೆಯರಿಗೆ ಆಗಲೇ ಶೇ 25ರಷ್ಟು ಸ್ಥಾನ ಮೀಸಲಿತ್ತು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ. 2010ರಿಂದ ನಮ್ಮಲ್ಲಿ ಅರ್ಧ ಸ್ಥಾನಗಳು ಮಹಿಳೆಯರವು. ಅಂದರೆ ಸೀಟಿನ ಪ್ರಶ್ನೆ ಬಹುಮಟ್ಟಿಗೆ ಮುಗಿದಿದೆ. ಗೆದ್ದು ಬಂದ ಹೆಂಗಸಿನ ಮಾತಿಗೆ ಕಚೇರಿಯಲ್ಲಿ ಬೆಲೆ ಇದೆಯಾ ಅನ್ನುವುದು ಈಗ ಉಳಿದಿರುವ ಪ್ರಶ್ನೆ.

"ಜನರ ಮನಸ್ಸು ಮೊದಲು ಬದಲಾಗಬೇಕು ಬಿಡಿ" ಅನ್ನುವವರು ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. ಮೊದಲು ರೂಢಿ ಬದಲಾಗಬೇಕು, ಮನಸ್ಸು ಅದರ ಹಿಂದೆ ಬರುತ್ತದೆ. ಇದಕ್ಕೆ ಪಶ್ಚಿಮ ಬಂಗಾಳದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಆಧಾರವಿದೆ. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಪಂಚಾಯಿತಿ ಪ್ರಧಾನರ (ಅಲ್ಲಿ ಅಧ್ಯಕ್ಷರಿಗೆ ಹೀಗೆನ್ನುತ್ತಾರೆ) ಒಂದೇ ಭಾಷಣವನ್ನು ಕೆಲವರಿಗೆ ಗಂಡು ದನಿಯಲ್ಲಿ, ಕೆಲವರಿಗೆ ಹೆಣ್ಣು ದನಿಯಲ್ಲಿ ಕೇಳಿಸಿದರು. ಮಹಿಳಾ ಮೀಸಲಾತಿ ಒಮ್ಮೆಯೂ ಬರದ ಊರುಗಳಲ್ಲಿ ಅದೇ ಮಾತಿಗೆ ಹೆಣ್ಣು ದನಿ ಇದ್ದಾಗ ಗಂಡಸರು ಕಡಿಮೆ ಅಂಕ ಕೊಟ್ಟರು. ಮಹಿಳಾ ಪ್ರಧಾನರ ಆಡಳಿತ ಕಂಡಿದ್ದ ಊರುಗಳಲ್ಲಿ ಆ ವ್ಯತ್ಯಾಸ ಹೋಗಿತ್ತು. ಗಮನಿಸಿ, "ನಾಯಕರು ಗಂಡಸರೇ ಆದರೆ ಒಳ್ಳೇದು" ಅನ್ನುವ ಅವರ ಇಷ್ಟ ಅಲ್ಲೂ ಹಾಗೇ ಉಳಿದಿತ್ತು. ಆದರೆ ಹೆಣ್ಣಿನ ಕೆಲಸವನ್ನು ಅಳೆಯುವಾಗ ಮೋಸ ಮಾಡುವುದು ನಿಂತಿತ್ತು. ಕೆಲಸ ನಡೆಯಲು ಅಷ್ಟು ಸಾಕು. ಹಾಗಾಗಿ ಊರೆಲ್ಲ ನಿಮ್ಮನ್ನು ಇಷ್ಟಪಡಲಿ ಅಂತ ಕಾಯಬೇಡಿ, ಕೆಳಗಿನ ಹೆಜ್ಜೆಗಳನ್ನು ಒಂದೊಂದಾಗಿ ಇಡಿ.

ಹೆಜ್ಜೆ 1: ನಿಮ್ಮ ಅಧಿಕಾರ ಎಷ್ಟು ಅಂತ ಓದಿಕೊಳ್ಳಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಅನ್ನುವ ಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಇಡೀ ಪುಸ್ತಕ ಓದಲು ಕೂತರೆ ತಲೆ ತಿರುಗುತ್ತದೆ, ಬೇಡ. ಮೊದಲು ಅಧ್ಯಕ್ಷರ ಅಧಿಕಾರ ಮತ್ತು ಕರ್ತವ್ಯ ಹೇಳುವ 62ನೇ ಪ್ರಕರಣ ಓದಿ. ಆಮೇಲೆ ಸಭೆ ನಡೆಸುವ ನಿಯಮಗಳನ್ನು ಓದಿ. ಓದಲು ಕಷ್ಟ ಅನಿಸಿದರೆ ಮಗಳಿಂದಲೋ, ಊರಿನ ಲೈಬ್ರರಿಯವರಿಂದಲೋ ಜೋರಾಗಿ ಓದಿಸಿ ಕೇಳಿ. ಅಕ್ಷರ ಕಡಿಮೆ ಇರುವ ಅಧ್ಯಕ್ಷರೂ ಪಂಚಾಯಿತಿಯನ್ನು ಚೆನ್ನಾಗಿ ನಡೆಸಬಹುದು. ಆದರೆ ತನ್ನ ಅಧಿಕಾರ ಏನು ಅಂತ ಗೊತ್ತಿಲ್ಲದಿದ್ದರೆ ಆಗುವುದಿಲ್ಲ.

ಮುಖ್ಯವಾಗಿ ನಾಲ್ಕು ವಿಷಯ ಬಾಯಿಗೆ ಬರಲಿ. ಸಭೆ ಕರೆಯುವವರು, ಅದರ ಅಧ್ಯಕ್ಷತೆ ವಹಿಸುವವರು ನೀವು. ಪಂಚಾಯಿತಿಯ ಎಲ್ಲ ದಾಖಲೆ ನೋಡುವ ಹಕ್ಕು ನಿಮಗಿದೆ. ಹಣಕಾಸು ಮತ್ತು ಆಡಳಿತದ ಮೇಲೆ ಕಣ್ಣಿಡುವುದು, ಸಿಬ್ಬಂದಿಯ ಕೆಲಸದ ಮೇಲ್ವಿಚಾರಣೆ ಮಾಡುವುದು ನಿಮ್ಮ ಕರ್ತವ್ಯ. ಮತಗಳು ಸಮ ಬಂದರೆ ನಿಮಗೆ ಇನ್ನೊಂದು ಮತ ಇದೆ. ಈ ನಾಲ್ಕರಲ್ಲಿ ಒಂದನ್ನೂ ಗಂಡ, ಮೈದುನ, ಮಗನ ಹೆಸರಿಗೆ ಬರೆದುಕೊಡಲು ಕಾನೂನಿನಲ್ಲಿ ದಾರಿ ಇಲ್ಲ.

ತರಬೇತಿಯ ಪತ್ರ ಬಂದಾಗ ತಪ್ಪಿಸಬೇಡಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ಕಡೆಯಿಂದ ಅಧ್ಯಕ್ಷರಿಗೆ, ಸದಸ್ಯರಿಗೆ ತರಬೇತಿ ನಡೆಯುತ್ತದೆ. ತರಬೇತಿಗೆ ಜೊತೆಯಲ್ಲಿ ಬಂದ ಗಂಡಂದಿರು ಹೊರಗೆ ಕಾಯುತ್ತಾರಲ್ಲ, ಕಾಯಲಿ, ಪರವಾಗಿಲ್ಲ. ಒಳಗೆ ಪಕ್ಕದ ಕುರ್ಚಿಯಲ್ಲಿ ಕೂತು ನಿಮ್ಮ ಪರವಾಗಿ ಬರೆದುಕೊಳ್ಳುವುದು ಬೇಡ.

ಹೆಜ್ಜೆ 2: ಫೋನ್ ನಂಬರ್

ಸಣ್ಣ ವಿಷಯ ಅನಿಸಬಹುದು. ಆದರೆ ಎಲ್ಲ ಶುರುವಾಗುವುದು ಇಲ್ಲೇ. ಪಂಚಾಯಿತಿ ಕಚೇರಿಯ ಗೋಡೆಯ ಬೋರ್ಡ್‌ನಲ್ಲಿ ಅಧ್ಯಕ್ಷರ ಹೆಸರಿನ ಮುಂದೆ ಯಾರ ನಂಬರ್ ಇದೆ ಅಂತ ಇವತ್ತೇ ಹೋಗಿ ನೋಡಿ. ತಾಲ್ಲೂಕು ಪಂಚಾಯಿತಿಯಲ್ಲಿ, ಇಲಾಖೆಯ ವಾಟ್ಸ್‌ಆಪ್ ಗುಂಪಿನಲ್ಲಿ, ಬ್ಯಾಂಕಿನಲ್ಲಿ ಯಾವ ನಂಬರ್ ಇದೆ ಕೇಳಿ. ಎಲ್ಲ ಕಡೆ ಗಂಡನ ನಂಬರ್ ಇದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿ (ಇಒ) ಅವರ ಮಾಹಿತಿಯೂ ಅವರಿಗೇ ಹೋಗುತ್ತದೆ, ಒಟಿಪಿಯೂ ಅವರಿಗೇ ಬರುತ್ತದೆ.

ನಿಮ್ಮ ಹೆಸರಿನಲ್ಲೇ ಒಂದು ಸಿಮ್ ತಗೊಳ್ಳಿ. ಎಲ್ಲ ಕಡೆ ನಂಬರ್ ಬದಲಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಬರವಣಿಗೆಯಲ್ಲಿ ಕೊಡಿ. ಊರಿನವರಿಗೆ ಗ್ರಾಮಸಭೆಯಲ್ಲೇ ಹೇಳಿ: "ನೀರು, ಲೈಟು, ಚರಂಡಿ, ಏನಿದ್ದರೂ ಈ ನಂಬರಿಗೆ ಮಾಡಿ, ನಾನೇ ಎತ್ತುತ್ತೇನೆ." ಆಮೇಲೆ ನಿಜವಾಗಿಯೂ ಎತ್ತಿ. ಮೊದಲ ತಿಂಗಳು ಬೇಸರ ಬರುವಷ್ಟು ಕರೆ ಬರುತ್ತವೆ. ಬೆಳಗ್ಗೆ ಆರಕ್ಕೇ "ಅಕ್ಕಾ, ನಲ್ಲೀಲಿ ನೀರು ಬರ್ತಿಲ್ಲ" ಅಂತ ಕರೆ ಬಂದಾಗ, ನೀವೇ ವಾಟರ್‌ಮನ್‌ಗೆ ಫೋನ್ ಮಾಡಿ ಮೋಟಾರ್ ಸುಟ್ಟಿದೆಯೋ ಪೈಪ್ ಒಡೆದಿದೆಯೋ ಅಂತ ಕೇಳಿ, ಕರೆ ಮಾಡಿದವರಿಗೆ ವಾಪಸ್ ತಿಳಿಸಿದರೆ, ಮುಂದಿನ ಸಲ ಆ ಮನೆಯವರು ಬೇರೆ ಯಾರಿಗೂ ಫೋನ್ ಮಾಡುವುದಿಲ್ಲ.

ಹೆಜ್ಜೆ 3: ಡಾಂಗಲ್ ನಿಮ್ಮ ಕೈಯಲ್ಲಿರಲಿ

ಇದೊಂದನ್ನು ಮಾತ್ರ ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ.

ಪಂಚಾಯಿತಿಯ ಹಣ ಹೊರಗೆ ಹೋಗಬೇಕಾದರೆ ಅಧ್ಯಕ್ಷರ ಸಹಿ, ಪಿಡಿಒ ಸಹಿ ಎರಡೂ ಬೇಕು. ಹಿಂದೆ ಚೆಕ್ಕಿನ ಮೇಲೆ ಪೆನ್ನಿನಲ್ಲಿ ಮಾಡುತ್ತಿದ್ದ ಸಹಿಯ ಜಾಗಕ್ಕೆ ಈಗ ಡಿಜಿಟಲ್ ಸಹಿ ಬಂದಿದೆ. ಅದಕ್ಕೆ ಡಾಂಗಲ್ ಅನ್ನುವ, ಪೆನ್‌ಡ್ರೈವ್ ತರಹದ ಒಂದು ಕೀ ಇರುತ್ತದೆ, ಅದಕ್ಕೊಂದು ಪಿನ್ ಇರುತ್ತದೆ. ಕಂಪ್ಯೂಟರ್‌ಗೆ ಚುಚ್ಚಿ ಪಿನ್ ಒತ್ತಿದರೆ ನಿಮ್ಮ ಸಹಿ ಬಿತ್ತು ಅಂತ ಅರ್ಥ. ನೀವು ಎದುರಿಗೆ ಇದ್ದಿರೋ ಇಲ್ಲವೋ ಅಂತ ಕಂಪ್ಯೂಟರ್ ಕೇಳುವುದಿಲ್ಲ.

ಪೆನ್ನಿನ ಸಹಿ ಇದ್ದಾಗ ಕೊನೇ ಪಕ್ಷ ಫೈಲ್ ನಿಮ್ಮ ಮುಂದೆ ಬರುತ್ತಿತ್ತು. ಅಡುಗೆ ಮನೆಯಿಂದ ಕೈ ಒರೆಸಿಕೊಂಡು ಬಂದು ಸಹಿ ಹಾಕಿದರೂ ಕಾಗದ ಕಣ್ಣಿಗೆ ಬೀಳುತ್ತಿತ್ತು. ಡಾಂಗಲ್ ಬಂದ ಮೇಲೆ ಅದೂ ತಪ್ಪಿತು. ಎಷ್ಟೋ ಕಡೆ ಆ ಕೀ ಗಂಡನ ಜೇಬಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಕಂಪ್ಯೂಟರ್ ಆಪರೇಟರ್‌ನ ಡ್ರಾಯರ್‌ನಲ್ಲಿ, ಪಿನ್ ಒಂದು ಚೀಟಿಯಲ್ಲಿ ಬರೆದು ಅಂಟಿಸಿರುತ್ತದೆ. ಅಧ್ಯಕ್ಷರಿಗೆ ಗೊತ್ತೇ ಇಲ್ಲದೆ ಲಕ್ಷಾಂತರ ರೂಪಾಯಿ ಪಾವತಿಯಾಗುತ್ತದೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಊರ ಬಸ್‌ಸ್ಟ್ಯಾಂಡಿನಲ್ಲಿ ಇಟ್ಟು ಬಂದ ಹಾಗೆ ಇದು. ಆಡಿಟ್ ಆಕ್ಷೇಪ ಬಂದಾಗ, ವಿಚಾರಣೆ ಬಂದಾಗ ನೋಟಿಸು ಬರುವುದು ನಿಮ್ಮ ಹೆಸರಿಗೆ. "ನನಗೇನೂ ಗೊತ್ತಿಲ್ಲ, ಎಲ್ಲ ನಮ್ಮವರೇ ನೋಡಿಕೊಳ್ಳುತ್ತಿದ್ದರು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಏನು ಮಾಡಬೇಕು ಅಂದರೆ, ಕೀ ನೋಂದಾಯಿಸುವಾಗ ನಿಮ್ಮ ಮೊಬೈಲ್ ನಂಬರನ್ನೇ ಕೊಡಿ. ಪಿನ್ ನೀವೇ ಇಡಿ, ಬೇರೆಯವರು ಇಟ್ಟಿದ್ದರೆ ಬದಲಿಸಿ, ಹುಟ್ಟಿದ ವರ್ಷ ಬೇಡ, ಮನೆಯವರೆಲ್ಲರಿಗೂ ಗೊತ್ತಿರುತ್ತದೆ. ಕೀ ನಿಮ್ಮ ಪರ್ಸಿನಲ್ಲೋ ಬೀರುವಿನಲ್ಲೋ ಇರಲಿ. ಪಾವತಿಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಉದಾಹರಣೆಗೆ ಗುರುವಾರ ಹನ್ನೊಂದು ಗಂಟೆಗೆ. ಆ ದಿನ ಕಚೇರಿಗೆ ಹೋಗಿ ಆಪರೇಟರ್ ಪಕ್ಕದಲ್ಲಿ ಕೂತು, ಪರದೆಯ ಮೇಲೆ ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ ಅನ್ನುವ ಮೂರನ್ನು ಓದಿಸಿ, ಆಮೇಲೆ ಪಿನ್ ಒತ್ತಿ. ನಿಮ್ಮದೇ ಒಂದು ನೋಟ್‌ಬುಕ್‌ನಲ್ಲಿ ತಾರೀಕು, ಹೆಸರು, ಮೊತ್ತ ಬರೆದುಕೊಂಡು ಕೀ ತೆಗೆದುಕೊಂಡು ಬನ್ನಿ.

"ಅರ್ಜೆಂಟ್ ಮೇಡಂ, ಸರ್ವರ್ ಈಗ ಮಾತ್ರ ಸರಿ ಇದೆ, ಕೀ ಕಳಿಸಿಬಿಡಿ" ಅಂತ ಹೇಳುತ್ತಾರೆ. ನಿಜವಾಗಿಯೂ ಅರ್ಜೆಂಟ್ ಇದ್ದರೆ ನೀವೇ ಹೋಗಿ. ಕೀ ಮಾತ್ರ ಕಳಿಸಬೇಡಿ.

ಹೆಜ್ಜೆ 4: ಸಹಿಗೆ ಮುಂಚೆ ಪ್ರಶ್ನೆ ಕೇಳಿ

ಕಾಮಗಾರಿ ಬಿಲ್ ಬಂದರೆ ಮೂರು ಕಾಗದ ಕೇಳಿ: ಕ್ರಿಯಾ ಯೋಜನೆಯಲ್ಲಿ ಆ ಕೆಲಸ ಇರುವ ಪುಟ, ಸಭೆಯ ನಿರ್ಣಯ, ಎಂಜಿನಿಯರ್ ಅಳತೆ ಬರೆದ ಪುಸ್ತಕ. ಆಮೇಲೆ ಸಂಜೆ ವಾಕಿಂಗ್ ಹೋದ ಹಾಗೆ ಆ ರಸ್ತೆಯಲ್ಲಿ ಒಮ್ಮೆ ನಡೆದು ಬನ್ನಿ. ಪುಸ್ತಕದಲ್ಲಿ ನೂರು ಮೀಟರ್ ಚರಂಡಿ ಇದ್ದು ನೆಲದ ಮೇಲೆ ಅರವತ್ತೇ ಕಂಡರೆ ನಿಮಗೆ ಎಂಜಿನಿಯರಿಂಗ್ ಓದು ಬೇಕಿಲ್ಲ. ಹೆಜ್ಜೆ ಹಾಕಿ ಎಣಿಸಿದರೆ ಸಾಕು.

ಹಣದ ಮೂಲವನ್ನೂ ಕೇಳಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಅಂತ ಕಟ್ಟು ಹಾಕಿತ್ತು. ಇಂಥ ಒಂದು ನಿಯಮ ನಿಮ್ಮ ಬಾಯಿಂದ ಸಭೆಯಲ್ಲಿ ಬಂದರೆ ಸಾಕು, ಎದುರಿಗೆ ಕೂತವರ ಧಾಟಿ ಬದಲಾಗುತ್ತದೆ. ನೀರಿನ ವಿಷಯದಲ್ಲಂತೂ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಡುಫ್ಲೋ ಅವರೇ ರಾಘವೇಂದ್ರ ಚಟ್ಟೋಪಾಧ್ಯಾಯ ಅವರ ಜೊತೆ ಬಂಗಾಳ, ರಾಜಸ್ಥಾನಗಳಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮಹಿಳಾ ಪ್ರಧಾನರಿದ್ದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಹಣ ಹಾಕಿದ್ದು ಕಂಡುಬಂತು.

ಹೆಜ್ಜೆ 5: ಕೋಣೆ, ಕುರ್ಚಿ, ಹಾಜರಿ

ಅಧ್ಯಕ್ಷರ ಕೋಣೆಯಲ್ಲಿ ಗಂಡ ಕೂರುವುದು, ನೀವು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು, ಇದು ಮೊದಲ ದಿನವೇ ನಿಲ್ಲಬೇಕು. ಮೊದಲ ದಿನ ನಿಲ್ಲದಿದ್ದರೆ ಆರು ತಿಂಗಳ ಮೇಲೆ ನಿಲ್ಲಿಸಲು ಹತ್ತು ಪಟ್ಟು ಕಷ್ಟ. ವಾರದಲ್ಲಿ ಇಂಥ ದಿನ, ಇಂಥ ಹೊತ್ತು ಕಚೇರಿಯಲ್ಲಿ ಇರುತ್ತೇನೆ ಅಂತ ಬೋರ್ಡ್ ಹಾಕಿಸಿ. ಹೊಲದ ಕೆಲಸ, ಮಕ್ಕಳ ಶಾಲೆ ಎಲ್ಲ ನೋಡಿಕೊಂಡು ನಿಮಗೆ ಆಗುವ ಹೊತ್ತನ್ನೇ ಆರಿಸಿ. ದಿನಾ ಹೋಗಬೇಕು ಅಂತೇನೂ ಇಲ್ಲ. ಹೇಳಿದ ಹೊತ್ತಿಗೆ ಇರಬೇಕು, ಅಷ್ಟೇ.

ಹೆಜ್ಜೆ 6: ಸಭೆ ನಡೆಸುವುದು

ಸಾಮಾನ್ಯ ಸಭೆಗೆ ಏಳು ದಿನ ಮುಂಚೆ, ವಿಶೇಷ ಸಭೆಗೆ ಮೂರು ದಿನ ಮುಂಚೆ ನೋಟಿಸು ಹೋಗಬೇಕು. ಅಜೆಂಡಾ ತಯಾರಾಗುವ ದಿನ ಪಿಡಿಒ ಜೊತೆ ಅರ್ಧ ಗಂಟೆ ಕೂತು ಒಂದೊಂದು ವಿಷಯವೂ ಯಾಕೆ ಬಂದಿದೆ, ಯಾರು ಕೇಳಿದ್ದಾರೆ ಅಂತ ತಿಳಿದುಕೊಳ್ಳಿ. ನಿಮ್ಮದೂ ಒಂದು ವಿಷಯ ಅದರಲ್ಲಿ ಇರಲಿ. ಗೆದ್ದ ಮೇಲೆ ಮೊದಲ ಸಭೆಗೆ ದೊಡ್ಡ ವಿಷಯ ಬೇಡ. ಅಂಗನವಾಡಿಗೆ ನಲ್ಲಿ, ಬೀದಿದೀಪ, ಶಾಲೆಯ ಹೆಣ್ಣುಮಕ್ಕಳ ಶೌಚಾಲಯ, ಇಂಥ ಒಂದನ್ನು ಹಿಡಿಯಿರಿ. ಒಂದು ತಿಂಗಳಲ್ಲಿ ಮುಗಿಯುವಂತಿರಲಿ, ಎಲ್ಲರ ಕಣ್ಣಿಗೂ ಕಾಣುವಂತಿರಲಿ.

ಸಭೆಯ ದಿನ ಸದಸ್ಯರಲ್ಲದವರು ಒಳಗೆ ಕೂತಿದ್ದರೆ, ಅದು ನಿಮ್ಮ ಗಂಡನೇ ಇರಲಿ ಬೇರೆ ಸದಸ್ಯೆಯ ಗಂಡನೇ ಇರಲಿ, ಶುರು ಮಾಡುವ ಮುಂಚೆಯೇ ಹೇಳಿ. ಜಗಳದ ದನಿ ಬೇಡ. "ಸದಸ್ಯರು, ಅಧಿಕಾರಿಗಳು ಬಿಟ್ಟು ಉಳಿದವರು ಹೊರಗೆ ಕೂತುಕೊಳ್ಳಿ, ಸಭೆ ಶುರು ಮಾಡೋಣ." ಹೇಳಿ ಸುಮ್ಮನಾಗಿ. ಅವರು ಏಳುವ ತನಕ ಅಜೆಂಡಾ ಓದಿಸಬೇಡಿ. ಆ ಎರಡು ನಿಮಿಷ ತುಂಬಾ ಉದ್ದ ಅನಿಸುತ್ತದೆ, ಆದರೂ ತಡೆದುಕೊಳ್ಳಿ.

ಮಾತು ತಪ್ಪಿಸುವವರು ಇದ್ದೇ ಇರುತ್ತಾರೆ. ನೀವು ಬಾಯಿ ತೆಗೆದ ಕೂಡಲೇ "ಅಮ್ಮಾ, ಅದು ನಿಮಗೆ ಗೊತ್ತಾಗಲ್ಲ ಬಿಡಿ" ಅಂತ ಹಿರಿಯ ಸದಸ್ಯರೊಬ್ಬರು ಶುರು ಮಾಡಬಹುದು. ಆಗ ನಿಮ್ಮ ಉತ್ತರ ಹೀಗಿರಲಿ: "ಹಿರಿಯರು ನೀವು, ನಿಮ್ಮ ಮಾತು ಕೇಳ್ತೀನಿ. ನನ್ನ ಮಾತು ಮುಗೀಲಿ, ಆಮೇಲೆ ನೀವು ಹೇಳಿ." ಹೀಗೆ ಹೇಳಿದರೆ ವಯಸ್ಸಿಗೆ ಮರ್ಯಾದೆ ಕೊಟ್ಟ ಹಾಗೂ ಆಯಿತು, ಮಾತು ನಿಮ್ಮ ಕೈಯಲ್ಲೇ ಉಳಿಯಿತು. ಎಂಜಿನಿಯರೋ ಪಿಡಿಒ ಅವರೋ ನಿಮ್ಮ ಪ್ರಶ್ನೆಗೆ ಉಪಾಧ್ಯಕ್ಷರ ಕಡೆ ತಿರುಗಿ ಉತ್ತರ ಕೊಡುತ್ತಿದ್ದರೆ, "ಪ್ರಶ್ನೆ ಕೇಳಿದ್ದು ನಾನು, ನನಗೆ ಹೇಳಿ" ಅನ್ನಿ. ಪ್ರತಿ ಸಲವೂ ಅನ್ನಿ. ಒಂದು ಸಲ ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಸದಸ್ಯೆಯರನ್ನು ಹೆಸರು ಹಿಡಿದು ಕೇಳಿ. ಅರ್ಧ ಜನ ಮಹಿಳೆಯರೇ ಇದ್ದೂ ಸಭೆಯಲ್ಲಿ ಒಂದು ಮಾತೂ ಆಡದೆ ಸಹಿ ಹಾಕಿ ಎದ್ದು ಹೋಗುವವರು ಎಷ್ಟೋ ಮಂದಿ. "ನಿಮ್ಮ ಬೀದೀಲಿ ಏನು ತೊಂದರೆ ಇದೆ?" ಅಂತ ನೇರವಾಗಿ ಕೇಳಿದರೆ ಮಾತು ಬರುತ್ತದೆ.

ನಡಾವಳಿ ಪುಸ್ತಕಕ್ಕೆ ಸಭೆ ಮುಗಿದ ಕೂಡಲೇ ಸಹಿ ಹಾಕಿ, ಅದೂ ಓದಿಸಿ ಕೇಳಿದ ಮೇಲೆ. ನಿರ್ಣಯದ ಕೆಳಗೆ ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆಸಿ. "ಆಮೇಲೆ ಬರ್ಕೋತೀವಿ, ಸಹಿ ಹಾಕಿರಿ ಮೇಡಂ" ಅಂದರೆ ಆಗುವುದಿಲ್ಲ ಅನ್ನಿ. ಸಭೆಯಲ್ಲಿ ಯಾರೂ ಆಡದ ಮಾತು ನಿರ್ಣಯವಾಗಿ ಪುಸ್ತಕ ಸೇರುವುದು ಈ ಖಾಲಿ ಜಾಗದಿಂದಲೇ.

ಗ್ರಾಮ ಪಂಚಾಯಿತಿ ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯನ್ನು ಬಿಟ್ಟುಕೊಡಬೇಡಿ. ಶಾಲೆ, ಆಸ್ಪತ್ರೆ, ಅಂಗನವಾಡಿ, ಕೃಷಿ, ವಿದ್ಯುತ್ ಕಡೆಯವರೆಲ್ಲ ನಿಮ್ಮ ಮುಂದೆ ಕೂತು ಲೆಕ್ಕ ಒಪ್ಪಿಸುವ ಜಾಗ ಅದು.

ಹೆಜ್ಜೆ 7: ಮನೆಯಲ್ಲಿ ಮಾತು

ಇಲ್ಲಿ ಗಂಡಂದಿರ ಜೊತೆಗೂ ನೇರವಾಗಿ ಮಾತಾಡುತ್ತೇನೆ.

ಅಣ್ಣಾ, ಚುನಾವಣೆಗೆ ಓಡಾಡಿದವರು ನೀವು, ಸಾಲ ಮಾಡಿದವರೂ ನೀವೇ ಇರಬಹುದು. ಊರಿನ ರಾಜಕೀಯ ನಿಮಗೆ ಜಾಸ್ತಿ ಗೊತ್ತು, ಒಪ್ಪಿದೆ. ಆದರೆ ಜನ ಮತ ಒತ್ತಿದ್ದು ನಿಮ್ಮ ಹೆಂಡತಿಯ ಹೆಸರಿಗೆ. ನೀವು ಕಚೇರಿಯಲ್ಲಿ ಕೂತಷ್ಟೂ ಊರಿನವರು ಅವರನ್ನು ಹಗುರವಾಗಿ ನೋಡುತ್ತಾರೆ, ತಪ್ಪು ನಡೆದರೆ ಕಟಕಟೆಗೆ ಹೋಗುವವರೂ ಅವರೇ. 2025ರ ಮಾರ್ಚ್‌ನಲ್ಲಿ ಛತ್ತೀಸಗಢದ ಕಬೀರಧಾಮ್ ಜಿಲ್ಲೆಯ ಪರಸ್ವಾರಾದಲ್ಲಿ ಗೆದ್ದ ಆರು ಮಹಿಳೆಯರ ಬದಲು ಅವರ ಗಂಡಂದಿರೇ ಪ್ರಮಾಣ ವಚನ ತಗೊಂಡರು. ವಿಡಿಯೊ ದೇಶವೆಲ್ಲ ಹರಡಿ, ಪಂಚಾಯಿತಿ ಕಾರ್ಯದರ್ಶಿ ಅಮಾನತಾದರು. ಹೆಂಡತಿಯ ಸ್ಥಾನದಲ್ಲಿ ಗಂಡ ಆಡಳಿತ ಮಾಡುವ ಈ ಪದ್ಧತಿಯ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋದ ಮೇಲೆ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಒಂದು ಸಮಿತಿ ಮಾಡಿತು. ಸಾಬೀತಾದರೆ ಪಾಠವಾಗುವಂಥ ಕಠಿಣ ದಂಡ ಇರಬೇಕು ಅಂತ ಆ ಸಮಿತಿ ಶಿಫಾರಸು ಮಾಡಿದೆ.

ಹಾಗಾದರೆ ನೀವು ಏನೂ ಮಾಡಬಾರದಾ? ಮಾಡಬೇಕು. ಸಭೆಯ ದಿನ ಮಧ್ಯಾಹ್ನದ ಅಡುಗೆ ನೋಡಿಕೊಳ್ಳಿ, ಮಕ್ಕಳನ್ನು ಶಾಲೆಯಿಂದ ಕರೆತನ್ನಿ, ಹಸು ಕರೆಯಿರಿ. ತಾಲ್ಲೂಕಿಗೆ ಹೋಗಬೇಕಾದರೆ ಗಾಡಿಯಲ್ಲಿ ಬಿಟ್ಟು ಬನ್ನಿ. ಅವರಿಗೆ ಗಾಡಿ ಓಡಿಸುವುದು ಕಲಿಸಿದರೆ ಇನ್ನೂ ಒಳ್ಳೇದು. ಯಾರಾದರೂ ನಿಮ್ಮನ್ನು ಹುಡುಕಿಕೊಂಡು ಬಂದರೆ "ಅಧ್ಯಕ್ಷರು ಒಳಗಿದ್ದಾರೆ, ಕರೀತೀನಿ ಇರಿ" ಅನ್ನಿ. ಊರಿನ ಎದುರು ಗಂಡನೇ ಹೀಗೆ ಹೇಳಿದರೆ ಅಧ್ಯಕ್ಷರ ಅರ್ಧ ಕೆಲಸ ಸಲೀಸಾಗುತ್ತದೆ. ಸಲಹೆ ಇದ್ದರೆ ರಾತ್ರಿ ಊಟದ ಹೊತ್ತಲ್ಲಿ ಕೊಡಿ. ತೀರ್ಮಾನ ಅವರಿಗೆ ಬಿಡಿ, ನಿಮಗೆ ಒಪ್ಪಿಗೆಯಾಗದ ತೀರ್ಮಾನವಾದರೂ.

ಅಧ್ಯಕ್ಷರೇ, ಈ ಮಾತನ್ನು ಮನೆಯಲ್ಲಿ ಹೇಗೆ ಎತ್ತುವುದು ಅಂತ ತುಂಬಾ ಜನ ಹೆಣ್ಣುಮಕ್ಕಳು ಕೇಳುತ್ತಾರೆ. ಹಕ್ಕಿನ ಮಾತಿನಿಂದ ಶುರು ಮಾಡಿದರೆ ಕೆಲವು ಮನೆಗಳಲ್ಲಿ ಬಾಗಿಲೇ ಮುಚ್ಚುತ್ತದೆ. ಹೊಣೆಯಿಂದ ಶುರು ಮಾಡಿ: "ನಾಳೆ ಆಡಿಟ್‌ನಲ್ಲಿ ಕೇಳಿದ್ರೆ ನಾನೇ ಉತ್ತರ ಕೊಡಬೇಕು, ಅದಕ್ಕೆ ನಾನೇ ನೋಡಿ ಸಹಿ ಮಾಡ್ತೀನಿ." ಇದಕ್ಕೆ ಎದುರು ಮಾತಾಡುವುದು ಯಾರಿಗೂ ಸುಲಭವಲ್ಲ. ಇಷ್ಟು ಹೇಳಿದ್ದಕ್ಕೇ ಮನೆಯಲ್ಲಿ ಕೈ ಎತ್ತಿದರೆ, ಹೆದರಿಸಿದರೆ, ಅದು ದೌರ್ಜನ್ಯ. ಮಹಿಳಾ ಸಹಾಯವಾಣಿ 181, ಪೊಲೀಸ್ ತುರ್ತು ನಂಬರ್ 112. ಅಧ್ಯಕ್ಷೆ ಅನ್ನುವ ಕಾರಣಕ್ಕೆ ಸಹಿಸಿಕೊಂಡು ಇರಬೇಕಿಲ್ಲ.

ಹೆಜ್ಜೆ 8: ಪಿಡಿಒ ಮತ್ತು ಸಿಬ್ಬಂದಿಗೆ

ಗಂಡ ಒಳಗೆ ಬರುವುದಕ್ಕೆ ಬಾಗಿಲು ತೆಗೆಯುವವರು ಹೆಚ್ಚಾಗಿ ಸಿಬ್ಬಂದಿಯೇ. ಒಬ್ಬ ಗಂಡಸಿನ ಜೊತೆ ಎರಡು ನಿಮಿಷ ಮಾತಾಡಿ ಮುಗಿಸುವುದು ಸುಲಭ ಅಂತ ಅವರ ಲೆಕ್ಕ. ಕಡತ ಮನೆಗೆ ಕಳಿಸುವುದನ್ನು ನಿಲ್ಲಿಸಿ. ಅಧ್ಯಕ್ಷರ ಜೊತೆ ಮಾತಾಡಬೇಕಾದ ವಿಷಯವನ್ನು ಅಧ್ಯಕ್ಷರಿಗೇ ಫೋನ್ ಮಾಡಿ ಹೇಳಿ. ಗಂಡ ಎತ್ತಿದರೆ "ಅಧ್ಯಕ್ಷರಿಗೆ ಕೊಡಿ ಸಾರ್" ಅನ್ನಿ. ಗಂಡ ಬಂದು ಕಡತ ಕೇಳಿದರೆ ಬೇರೆ ಯಾವ ನಾಗರಿಕರಿಗೂ ಹೇಳುವ ಉತ್ತರವನ್ನೇ ಹೇಳಿ: ಅರ್ಜಿ ಕೊಡಿ, ಮಾಹಿತಿ ಹಕ್ಕಿನಲ್ಲಿ ಪಡೆಯಿರಿ.

ಅಧ್ಯಕ್ಷರಿಗೆ ಕಲಿಸುವಾಗ ತಾಳ್ಮೆ ಇರಲಿ. ನಗದು ಪುಸ್ತಕ ನೋಡುವುದು ಮೊದಲ ದಿನ ಯಾರಿಗೂ ಬರುವುದಿಲ್ಲ, ಗಂಡಸು ಅಧ್ಯಕ್ಷರಿಗೂ ಬರುತ್ತಿರಲಿಲ್ಲ, ಆಗ ಯಾರೂ "ಇವರಿಗೆ ಏನೂ ಗೊತ್ತಿಲ್ಲ" ಅಂತ ಆಡಿಕೊಳ್ಳಲಿಲ್ಲ ಅಲ್ವಾ? ಪಿಡಿಒ ಕೂಡ ಹೆಣ್ಣುಮಗಳೇ ಆಗಿರುವ ಪಂಚಾಯಿತಿಗಳು ಈಗ ಸಾಕಷ್ಟಿವೆ. ಅವರಿಗೂ ಕಂಟ್ರಾಕ್ಟರುಗಳಿಂದ, ಸದಸ್ಯರಿಂದ ಇದೇ ಕಾಟ. ಅಧ್ಯಕ್ಷರು ಮತ್ತು ಪಿಡಿಒ ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಸಭೆಯಲ್ಲಿ ಎತ್ತಿ ಹಿಡಿದರೆ ಇಬ್ಬರಿಗೂ ಬಲ.

ಹೆಜ್ಜೆ 9: ಜಾತಿಯ ಹೆಸರಲ್ಲಿ ತಡೆದರೆ

ಪರಿಶಿಷ್ಟ ಜಾತಿ, ಪಂಗಡದ ಅಧ್ಯಕ್ಷರಿಗೆ ಈ ಕಷ್ಟ ಎರಡು ಪಟ್ಟು. 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈಯಲ್ಲಿ ದಲಿತ ಮಹಿಳಾ ಅಧ್ಯಕ್ಷರನ್ನು ಸಭೆಯಲ್ಲಿ ನೆಲದ ಮೇಲೆ ಕೂರಿಸಿದ ಫೋಟೊ ನೆನಪಿರಬಹುದು. ಅದೇ ವರ್ಷ ತಿರುವಳ್ಳೂರು ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಧ್ವಜ ಹಾರಿಸಲು ಬಿಡಲಿಲ್ಲ. ನಮ್ಮ ಕಡೆ ಇಂಥದ್ದೆಲ್ಲ ಇಲ್ಲ ಅಂತ ಎದೆ ತಟ್ಟಿಕೊಳ್ಳುವ ಹಾಗಿಲ್ಲ.

ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ ಇದಕ್ಕಾಗಿಯೇ ಒಂದು ಮಾತು ಸೇರಿದೆ. ಪರಿಶಿಷ್ಟ ಜಾತಿ, ಪಂಗಡದ ಪಂಚಾಯಿತಿ ಸದಸ್ಯರು ಅಥವಾ ಅಧ್ಯಕ್ಷರು ತಮ್ಮ ಕೆಲಸ ಮಾಡದಂತೆ ಇತರ ಜಾತಿಯವರು ಅಡ್ಡಿಪಡಿಸಿದರೆ ಅದು 3(1)(ಎಂ) ಪ್ರಕಾರ ಅಪರಾಧ. ಕುರ್ಚಿ ಕೊಡದೆ ನಿಲ್ಲಿಸುವುದು, ಸಹಿಗೆ ಕಡತ ತೋರಿಸದೆ ಇರುವುದು, ಧ್ವಜಾರೋಹಣಕ್ಕೆ ಬಿಡದಿರುವುದು, ಏನೇ ಇದ್ದರೂ ದಿನಾಂಕ, ಹೊತ್ತು, ಅಲ್ಲಿದ್ದವರ ಹೆಸರು ಅವತ್ತೇ ಬರೆದಿಡಿ.

ಹೆಜ್ಜೆ 10: ಅಡ್ಡಿ ಬಂದಾಗ ಕಾಗದದಲ್ಲಿ ಉತ್ತರ

ಬಾಯಿ ಮಾತಿನ ದೂರಿಗೆ ಬೆಲೆ ಇಲ್ಲ. ಕಡತ ತೋರಿಸದಿದ್ದರೆ ಪಿಡಿಒ ಅವರಿಗೆ ಪತ್ರ ಬರೆದು ಸ್ವೀಕೃತಿ ತಗೊಳ್ಳಿ. ಉತ್ತರ ಬರದಿದ್ದರೆ ತಾಲ್ಲೂಕು ಪಂಚಾಯಿತಿ ಇಒಗೆ, ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ (ಸಿಇಒ). ಪ್ರತಿಯೊಂದರ ನಕಲು ಮನೆಯಲ್ಲಿ ಒಂದು ಫೈಲಿನಲ್ಲಿ ಇರಲಿ.

ನೀವು ಗಟ್ಟಿಯಾಗಿ ನಿಂತಷ್ಟೂ ಅವಿಶ್ವಾಸದ ಮಾತು, ಸುಳ್ಳು ದೂರು ಬರಬಹುದು. ಆಗ ಈ ಎರಡು ತೀರ್ಪು ನೆನಪಿಡಿ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ವಿಚಖೇಡಾ ಊರಿನ ಸರಪಂಚರಾದ (ಅಲ್ಲಿ ಪಂಚಾಯಿತಿ ಅಧ್ಯಕ್ಷರಿಗೆ ಹೀಗೆನ್ನುತ್ತಾರೆ) ಮನೀಷಾ ಪಾನಪಾಟೀಲ್ ಅವರನ್ನು ಸ್ಥಾನದಿಂದ ತೆಗೆದಿದ್ದನ್ನು ರದ್ದು ಮಾಡಿತು. ಒಬ್ಬ ಹೆಂಗಸು ಸರಪಂಚಳಾಗಿ ತಮ್ಮ ಪರವಾಗಿ ತೀರ್ಮಾನ ಮಾಡುವುದನ್ನು ಊರಿನವರಿಗೆ ಒಪ್ಪಿಕೊಳ್ಳಲು ಆಗಿಲ್ಲ ಅಂತ ಕೋರ್ಟು ಬಾಯಿಬಿಟ್ಟೇ ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಛತ್ತೀಸಗಢದ ಜಶಪುರ ಜಿಲ್ಲೆಯ ಯುವ ಸರಪಂಚ ಸೋನಮ್ ಲಕ್ರಾ ಅವರನ್ನು ಕಾಮಗಾರಿ ತಡವಾಯಿತು ಅನ್ನುವ ನೆಪದಲ್ಲಿ ತೆಗೆದಿದ್ದನ್ನೂ ರದ್ದು ಮಾಡಿ, ರಾಜ್ಯ ಸರ್ಕಾರ ಅವರಿಗೆ 1 ಲಕ್ಷ ರೂಪಾಯಿ ಕೊಡಬೇಕು ಅಂದಿತು. ಇಬ್ಬರೂ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು ಅನ್ನುವುದು ಸಂಕಟದ ವಿಷಯ. ಆದರೆ ದಾರಿ ಇದೆ, ಅದು ಗೊತ್ತಿರಲಿ.

ಹೆಜ್ಜೆ 11: ಒಬ್ಬರೇ ನಿಲ್ಲಬೇಡಿ, ಒಂದೇ ಅವಧಿಗೆ ನಿಲ್ಲಿಸಬೇಡಿ

ಅಕ್ಕಪಕ್ಕದ ಪಂಚಾಯಿತಿಗಳ ಅಧ್ಯಕ್ಷೆಯರ ನಂಬರ್ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಯಾರಾದರೊಬ್ಬರ ಊರಿನಲ್ಲಿ ಸೇರಿ, ಅವರು ನೀರಿನ ತೊಂದರೆ ಹೇಗೆ ಬಗೆಹರಿಸಿದರು, ಎಂಜಿನಿಯರ್ ಹತ್ತಿರ ಹೇಗೆ ಕೆಲಸ ಮಾಡಿಸಿದರು ಅಂತ ಕೇಳಿ. ಊರಿನ ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘಗಳು ನಿಮ್ಮ ದೊಡ್ಡ ಬಲ. ಮಹಿಳಾ ಗ್ರಾಮಸಭೆಗೆ ಆ ಸಂಘಗಳ ಹೆಂಗಸರೆಲ್ಲ ಬಂದು ಬೇಡಿಕೆ ಬರೆಸಿದರೆ, ಸಾಮಾನ್ಯ ಸಭೆಯಲ್ಲಿ "ಇದು ನನ್ನೊಬ್ಬಳ ಮಾತಲ್ಲ, ನಡಾವಳಿ ನೋಡಿ" ಅಂತ ಹೇಳಬಹುದು. ಮಕ್ಕಳ ಗ್ರಾಮಸಭೆಗೂ ನೀವೇ ಹೋಗಿ ಕೂರಿ. ಹೆಣ್ಣುಮಕ್ಕಳು ಅಧ್ಯಕ್ಷರ ಕುರ್ಚಿಯಲ್ಲಿ ಒಬ್ಬ ಹೆಂಗಸನ್ನು ನೋಡಲಿ, ಗಂಡುಮಕ್ಕಳೂ ನೋಡಲಿ.

ಸರದಿಯ ಪ್ರಕಾರ ಮೀಸಲಾತಿ ಬದಲಾಗುತ್ತದೆ. ನಿಮ್ಮ ಸೀಟು ಮುಂದಿನ ಸಲ ಸಾಮಾನ್ಯಕ್ಕೆ ಹೋದರೆ "ನಮ್ಮ ಸರದಿ ಮುಗೀತು" ಅಂತ ಮನೆ ಸೇರಬೇಡಿ. ಸಾಮಾನ್ಯ ಸೀಟಿನಲ್ಲಿ ಮಹಿಳೆ ನಿಲ್ಲಬಾರದು ಅಂತ ಎಲ್ಲೂ ಬರೆದಿಲ್ಲ. ಬಂಗಾಳದ ಆ 2009ರ ಅಧ್ಯಯನದಲ್ಲಿ, ಎರಡು ಅವಧಿ ಮಹಿಳಾ ಪ್ರಧಾನರನ್ನು ಕಂಡ ಕಡೆ ಮೀಸಲಾತಿ ಇಲ್ಲದ ಸ್ಥಾನಗಳಿಗೂ ಹೆಚ್ಚು ಹೆಣ್ಣುಮಕ್ಕಳು ನಿಂತರು, ಗೆದ್ದರು. ಅವಧಿ ಮುಗಿಯುವ ಮುಂಚೆ ನಿಮ್ಮ ನೋಟ್‌ಬುಕ್ ತೆಗೆದು ಯಾವ ಬೀದಿಗೆ ಏನು ಕೆಲಸ ಆಯಿತು, ಎಷ್ಟು ಖರ್ಚಾಯಿತು ಅಂತ ಒಂದು ಹಾಳೆಗೆ ಇಳಿಸಿ, ಗ್ರಾಮಸಭೆಯಲ್ಲಿ ಓದಿ, ಮನೆ ಮನೆಗೆ ಹಂಚಿ. ನಾಮಪತ್ರ ಹಾಕುವ ಹೊತ್ತಿಗೆ ಆ ಹಾಳೆ ಊರಿನವರ ಕೈಯಲ್ಲಿರಬೇಕು.